ಕಡತದಲ್ಲಿ ಇಲ್ಲದ ಔಟ್‌ಟರ್ನ್

ವಿರಾಜಪೇಟೆಯ ಬಳಿಯ ನಮ್ಮ ಸಣ್ಣ ತೋಟದ ಕಾಫಿಯನ್ನು ಅಪ್ಪ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ ಒಪ್ಪಿಸುತ್ತಿದ್ದರು. 1942ರ ಕಾಫಿ ಕಾಯ್ದೆಯಡಿ ಇಷ್ಟಬಂದವರಿಗೆ ಮಾರುವ ಹಾಗಿರಲಿಲ್ಲ. ಹಣ ಕಂತು ಕಂತಾಗಿ ಬರುತ್ತಿತ್ತು. ಕೊನೆಯ ಕಂತು ಕೈಸೇರುವಷ್ಟರಲ್ಲಿ ಮುಂದಿನ ಫಸಲಿನ ಹೂಮಳೆ ಬಿದ್ದಿರುತ್ತಿತ್ತು. ಬೆಲೆ ಕಟ್ಟುವವರು ಯಾರು, ಹಣ ಏಕೆ ತಡ ಎಂಬ ಪ್ರಶ್ನೆಗಳೇ ನನ್ನನ್ನು ಮಾನಸಗಂಗೋತ್ರಿಯ ಅರ್ಥಶಾಸ್ತ್ರ ಎಂ.ಎ.ಗೆ, ಅಲ್ಲಿಂದ ಭಾರತೀಯ ಆರ್ಥಿಕ ಸೇವೆಗೆ ಕರೆದೊಯ್ದವು.

1961ರಲ್ಲಿ ರೂಪುಗೊಂಡ ಈ ಸೇವೆಯ ಹೆಸರನ್ನೇ ನಮ್ಮ ಕಡೆ ಹಲವರು ಕೇಳಿಲ್ಲ. ಯುಪಿಎಸ್‌ಸಿ ಪರೀಕ್ಷೆ, ಲಿಖಿತಕ್ಕೆ 1000 ಅಂಕ, ಸಂದರ್ಶನಕ್ಕೆ 200. ‘ಜಿಲ್ಲಾಧಿಕಾರಿ ಯಾವಾಗ ಆಗುತ್ತೀಯ?’ ಎಂದು ನೆಂಟರು ಕೇಳುತ್ತಿದ್ದರು. ಆಗುವುದಿಲ್ಲ. ಸಹಾಯಕ ನಿರ್ದೇಶಕನಾಗಿ ಸೇರಿದವನು ಆರ್ಥಿಕ ಸಲಹೆಗಾರನ ಹುದ್ದೆಯವರೆಗೂ ದೆಹಲಿಯ ಸಚಿವಾಲಯಗಳಲ್ಲಿ ಸುಂಕ, ಸಬ್ಸಿಡಿ, ಸಾಲದ ಪ್ರಸ್ತಾವಗಳನ್ನೇ ತೂಗುತ್ತ ಬಂದೆ.

ಬರೆಯುವುದನ್ನು ಮರಳಿ ಕಲಿಯಬೇಕಾಯಿತು. ಸಂಶೋಧನೆಯಲ್ಲಿ ನಲವತ್ತು ಪುಟ ಹಿಡಿಸುತ್ತಿದ್ದ ವಾದವನ್ನು ಟಿಪ್ಪಣಿಯಲ್ಲಿ ಒಂದೂವರೆ ಪುಟಕ್ಕೆ ಇಳಿಸಬೇಕು. ನನ್ನ ಮೊದಲ ಟಿಪ್ಪಣಿ ಓದಿದ ಹಿರಿಯ ಅಧಿಕಾರಿಯೊಬ್ಬರು, ‘ಎಲ್ಲ ಸರಿ, ಹಣ ಬಜೆಟ್‌ನ ಯಾವ ಲೆಕ್ಕ ಶೀರ್ಷಿಕೆಯಿಂದ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ನಾನು ಯಾವ ಕಡತವನ್ನೂ ಮೇಲಕ್ಕೆ ಕಳುಹಿಸಲಿಲ್ಲ.

1990ರ ದಶಕದ ಮಧ್ಯದಲ್ಲಿ ಪೂಲ್ ಹೋಗಿ ಕಾಫಿ ಮಾರಾಟ ಮುಕ್ತವಾದಾಗ ಬಹಳ ಸಂತೋಷಪಟ್ಟೆ. ಪುಸ್ತಕದ ಪ್ರಕಾರ ಇನ್ನು ಬೆಲೆ ಬೆಳೆಗಾರನನ್ನು ತಲುಪಬೇಕಿತ್ತು. 2001ರ ಹೊತ್ತಿಗೆ ಜಗತ್ತಿನಾದ್ಯಂತ ಕಾಫಿ ಬೆಲೆ ಕುಸಿಯಿತು. ಸಣ್ಣ ಬೆಳೆಗಾರರ ನಷ್ಟದ ಅಂದಾಜು ಮಾಡುವಾಗ ನಾನು ಸರಾಸರಿ ಇಳುವರಿಯನ್ನು ಕಾಳಿನ ದರದಿಂದ ಗುಣಿಸಿದ್ದೆ. ರಜೆಗೆ ಬಂದಾಗ ಆ ಲೆಕ್ಕದ ಬಗೆಯನ್ನು ಅಪ್ಪನಿಗೆ ವಿವರಿಸಿದೆ. ಅವರು ಕಣದ ಮೂಲೆಯಲ್ಲಿದ್ದ ಚೀಲ ತೋರಿಸಿ, ‘ಇದರಲ್ಲಿ ಔಟ್‌ಟರ್ನ್ ಎಲ್ಲಿದೆ?’ ಎಂದರು.

ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣೇ ಒಣ ಚೆರಿ; ಅದರ 50 ಕೆಜಿ ಚೀಲದಿಂದ ಎಷ್ಟು ಕೆಜಿ ಕಾಳು ಬರುತ್ತದೋ ಅದು ಔಟ್‌ಟರ್ನ್. 26 ಇರುವುದನ್ನು ವ್ಯಾಪಾರಿ 24 ಎಂದರೆ ಚೀಲಕ್ಕೆ ಎರಡು ಕೆಜಿ ಕಾಳಿನ ಬೆಲೆ ಹೋಯಿತು. ಮಾರುಕಟ್ಟೆಯ ದರ ಮಾತ್ರ ಒಂದು ಪೈಸೆಯೂ ಕದಲಿರುವುದಿಲ್ಲ. ಮಾರ್ಚ್‌ನಲ್ಲಿ ಸಾಲದ ಗಡುವು ಇರುವವನು ಫೆಬ್ರವರಿಯಲ್ಲೇ, ಎಲ್ಲರ ಚೆರಿ ಒಟ್ಟಿಗೆ ಬರುವಾಗಲೇ ಮಾರುತ್ತಾನೆ. ಗೋದಾಮು ಇರುವ ದೊಡ್ಡ ತೋಟದವರು ಮಳೆಗಾಲದವರೆಗೆ ಕಾಯಬಲ್ಲರು. ಇಬ್ಬರನ್ನೂ ನಾನು ಒಂದೇ ಸರಾಸರಿಯಲ್ಲಿ ಸೇರಿಸಿಬಿಟ್ಟಿದ್ದೆ. ಆ ತಪ್ಪು ಇಂದಿಗೂ ನನ್ನನ್ನು ಕಾಡುತ್ತದೆ, ಏಕೆಂದರೆ ಆ ಚೀಲ ಹೊತ್ತೇ ನಾನು ಬೆಳೆದವನು.

ದೆಹಲಿಗೆ ಮರಳಿ ಟಿಪ್ಪಣಿಯನ್ನು ಹೊಸದಾಗಿ ಬರೆದೆ. ನಷ್ಟದ ಮೊತ್ತಕ್ಕಿಂತ ಮೊದಲು ಸಾಲ ಮರುಪಾವತಿಯ ದಿನಾಂಕವನ್ನು ಇಟ್ಟೆ.

ನಿವೃತ್ತನಾಗಿ ಊರಿಗೆ ಬಂದ ಮೇಲೆ, ಈ ಪರೀಕ್ಷೆಗೆ ಓದುತ್ತಿರುವ ಗೋಣಿಕೊಪ್ಪದ ಹುಡುಗಿಯೊಬ್ಬಳು ‘ಯಾವ ಪುಸ್ತಕದಿಂದ ಆರಂಭಿಸಲಿ ಸರ್?’ ಎಂದು ಕೇಳಿದಳು. ಪುಸ್ತಕಗಳ ಪಟ್ಟಿ ಕೊಟ್ಟೆ. ಜೊತೆಗೆ, ಮನೆಯ ಒಂದೇ ಚೀಲದಿಂದ ಮೂರು ಮಾದರಿ ತೆಗೆದು ಮೂವರು ವ್ಯಾಪಾರಿಗಳಿಗೆ ತೋರಿಸಿ ಬಾ ಎಂದೆ. ಮರುದಿನ ಅವಳು ಮೂರು ಚೀಟಿ ತಂದಳು: 26, 25, 24½.