ವಿಂಡೋಸ್ 11ಆ, ಲಿನಕ್ಸಾ? ಫಾರ್ಮ್ಯಾಟ್ ಹೊಡೆಯೋ ಮುಂಚೆ ಪೆನ್‌ಡ್ರೈವಲ್ಲಿ ಓಡಿಸಿ ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಲ್ತಲ್ಲ, ಅವತ್ತಿಂದ ತೀರ್ಥಹಳ್ಳಿ, ಸಾಗರ, ಹೊಸನಗರ ಎಲ್ಲಿ ಹೋದ್ರೂ ಇದೇ ಪ್ರಶ್ನೆ. ಈ ಹಳೇ ಕಂಪ್ಯೂಟರಿಗೆ ವಿಂಡೋಸ್ ಹನ್ನೊಂದು ಹಾಕ್ಬೇಕಾ, ವಿಂಡೋಸ್ ಬದ್ಲು ಓಡೋ ಪುಕ್ಕಟೆ ಸಿಸ್ಟಮ್ ಲಿನಕ್ಸ್ ಹಾಕ್ಬೇಕಾ, ಇಲ್ಲಾ ಹೊಸ ಲ್ಯಾಪ್‌ಟಾಪೇ ತಗೋಬೇಕಾ? ಕೇಳೋದೇನೋ ಸರಿ. ಆದ್ರೆ ಬಹಳಷ್ಟು ಜನ ನನ್ನ ಹತ್ರ ಬರೋ ಹೊತ್ತಿಗೆ ಎಡವಟ್ಟು ಮಾಡ್ಕೊಂಡೇ ಬಂದಿರ್ತಾರೆ. ಮನೇಲಿರೋ ಹುಡುಗ ಯೂಟ್ಯೂಬ್ ನೋಡಿ ಫಾರ್ಮ್ಯಾಟ್ ಹೊಡ್ದಿರ್ತಾನೆ, ಡೆಸ್ಕ್‌ಟಾಪ್ ಮೇಲಿದ್ದ ದೇವಸ್ಥಾನದ ಲೆಕ್ಕ, ಅಜ್ಜಯ್ಯನ ಹಳೇ ಫೋಟೋ ಎಲ್ಲಾ ಹೋಗಿರುತ್ತೆ, ಮತ್ತೆ ಹೊಸದಾಗಿ ಹಾಕಿದ್ರಲ್ಲಿ ಪ್ರಿಂಟರ್ ಓಡಲ್ಲ. ಅಡಿಕೆ ಕೊಳ್ಳೋರು ಚೀಲ ಬಿಚ್ಚಿ ಒಂದು ಹಿಡಿ ಕೈಲಿ ನೋಡ್ದೆ ರೇಟು ಹೇಳ್ತಾರಾ? ಕಂಪ್ಯೂಟರ್ ವಿಷ್ಯದಲ್ಲಿ ಮಾತ್ರ ನಾವು ನೋಡ್ದೇನೇ ಚೀಲ ಹೊತ್ಕೊಂಡು ಬರ್ತೀವಿ.

ಹಂತ 1: ಬಿಡಕ್ಕೇ ಆಗದ ಕೆಲಸ ಯಾವುದು ಹೇಳಿ

ಯಾವ ಆಪರೇಟಿಂಗ್ ಸಿಸ್ಟಮ್ ಚೆನ್ನಾಗಿದೆ ಅಂತ ಕೇಳ್ಬೇಡಿ, ಅದಕ್ಕೆ ಉತ್ತರ ಇಲ್ಲ. ನಿಮ್ಮನೇಲಿ ಆ ಕಂಪ್ಯೂಟರಲ್ಲಿ ಯಾವ ಕೆಲಸ ನಿಂತ್ರೆ ಜಗಳ ಆಗುತ್ತೆ ಅನ್ನೋದನ್ನ ಮೊದ್ಲು ಚೀಟೀಲಿ ಬರೀರಿ. ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರ್ ಇದ್ಯಾ? ಹಂಗಾದ್ರೆ ವಿಂಡೋಸೇ, ಮಾತಿಲ್ಲ. ಜಿಎಸ್‌ಟಿಗೆ, ಟೆಂಡರಿಗೆ ಡಿಜಿಟಲ್ ಸಹಿ ಟೋಕನ್ ಚುಚ್ಚೋರಿದ್ದಾರಾ? ಅದ್ಕೂ ವಿಂಡೋಸೇ, ಲಿನಕ್ಸಲ್ಲಿ ಮಾಡ್ಬೋದು ಅಂತ ಹೇಳೋರು ಇರ್ತಾರೆ, ಕೊನೇ ದಿನ ರಾತ್ರಿ ರಿಟರ್ನ್ ಹಾಕೋವಾಗ ಅವ್ರು ಫೋನ್ ಎತ್ತಲ್ಲ. ಮಕ್ಳಿಗೆ ಕ್ಯಾಮೆರಾ ಆನ್ ಇಟ್ಟು ಬರೆಯೋ ಆನ್‌ಲೈನ್ ಪರೀಕ್ಷೆ ಇದ್ರೆ ಅದರ ಸಾಫ್ಟ್‌ವೇರ್ ಯಾವುದ್ರಲ್ಲಿ ಓಡುತ್ತೆ ಅಂತ ಮುಂಚೆನೇ ಕೇಳ್ಕೊಳ್ಳಿ.

ಇದ್ಯಾವುದೂ ಇಲ್ಲ, ಪಹಣಿ ತೆಗೆಯೋದು, ಬ್ಯಾಂಕು, ಕರೆಂಟ್ ಬಿಲ್ಲು, ಮ್ಯಾಮ್‌ಕೋಸ್ ಸೊಸೈಟಿಯ ಅಡಿಕೆ ರೇಟ್ ನೋಡೋದು, ಸಂಜೆ ಯಕ್ಷಗಾನದ ವಿಡಿಯೋ, ಇಷ್ಟೇ ಅಂದ್ರೆ ಎಲ್ಲಾ ಬ್ರೌಸರಲ್ಲೇ ಮುಗಿಯುತ್ತೆ. ಯಾವ ಸಿಸ್ಟಮ್ ಆದ್ರೂ ನಡೆಯುತ್ತೆ.

ಹಂತ 2: ಮಷೀನ್ ಯಾವುದು ನೋಡಿ

ವಿಂಡೋಸ್ 11ಕ್ಕೆ ಇಂಟೆಲ್ ಆದ್ರೆ ಸಾಮಾನ್ಯವಾಗಿ 8ನೇ ತಲೆಮಾರಿಂದ ಈಚಿನ ಪ್ರೊಸೆಸರ್, ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ಪು, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಮೈಕ್ರೋಸಾಫ್ಟಿನವ್ರದ್ದೇ ಪಿಸಿ ಹೆಲ್ತ್ ಚೆಕ್ ಅಂತ ಪ್ರೋಗ್ರಾಂ ಇದೆ, ಹಾಕಿ ಒಂದು ಬಟನ್ ಒತ್ತಿದ್ರೆ ಆಗುತ್ತೋ ಇಲ್ವೋ ಅದೇ ಹೇಳುತ್ತೆ. 4 ಜಿಬಿ ಅನ್ನೋದು ಕಾಗದದ ಮಾತು, 8 ಇಲ್ದೆ ಹನ್ನೊಂದು ಹಾಕ್ಬೇಡಿ. ಆಗಲ್ಲ ಅಂದ ಮಷೀನಿಗೆ ರೂಫಸ್ ಅನ್ನೋ, ಪೆನ್‌ಡ್ರೈವಿಗೆ ಸಿಸ್ಟಮ್ ಬರೆಯೋ ಪ್ರೋಗ್ರಾಮಲ್ಲಿ ಒಂದು ಟಿಕ್ ಹಾಕಿ ಬಲವಂತವಾಗಿ ಹನ್ನೊಂದು ತುಂಬ್ಸೋ ದಾರಿನೂ ಇದೆ, ಅಂಗಡಿಯವ್ರು ಅದನ್ನೇ ಮಾಡಿ ಕೊಡ್ತಾರೆ, ಆದ್ರೆ ಅಂಥಾ ಮಷೀನಿಗೆ ಮುಂದೆ ಅಪ್‌ಡೇಟ್ ಬರುತ್ತೆ ಅಂತ ಮೈಕ್ರೋಸಾಫ್ಟ್ ಗ್ಯಾರಂಟಿ ಕೊಡಲ್ಲ. ಇನ್ನು ಕ್ರ್ಯಾಕ್ ಹಾಕಿ ಆಕ್ಟಿವೇಟ್ ಮಾಡಿ ಕೊಡ್ತೀವಿ ಅನ್ನೋರಿಗೆ ದೊಡ್ಡ ನಮಸ್ಕಾರ ಹಾಕಿ ಎದ್ದು ಬನ್ನಿ, ಆ ಆಕ್ಟಿವೇಟರ್ ಓಡ್ಸೋಕೆ ಮೊದ್ಲು ಆಂಟಿವೈರಸ್ ಆಫ್ ಮಾಡು ಅಂತಾರಲ್ಲ, ಯಾಕೆ ಅಂತ ಯೋಚ್ನೆ ಮಾಡಿ. ಅದೇ ಕಂಪ್ಯೂಟರಲ್ಲಿ ನಿಮ್ ಬ್ಯಾಂಕ್ ಪಾಸ್‌ವರ್ಡ್ ಇರೋದು.

ಹತ್ತರಲ್ಲೇ ಸ್ವಲ್ಪ ದಿನ ಇರ್ತೀನಿ ಅನ್ನೋರು ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ಇಎಸ್‌ಯು ಅನ್ನೋ, ಇನ್ನಷ್ಟು ದಿನ ಸೆಕ್ಯುರಿಟಿ ಅಪ್‌ಡೇಟ್ ಕೊಡೋ ಯೋಜನೆಗೆ ಸೇರ್ಕೋಬೋದು. ಮನೆ ಬಳಕೆದಾರರಿಗೆ ಅಂತ ಹೇಳಿದ ಗಡುವು 2026ರ ಅಕ್ಟೋಬರ್ 13.

ಇನ್ನೊಂದು, ಹಳೇ ತಿರುಗೋ ಹಾರ್ಡ್ ಡಿಸ್ಕ್ ಇದ್ರೆ ಮೊದ್ಲು ಅದನ್ನ ತೆಗೆಸಿ ಎಸ್‌ಎಸ್‌ಡಿ ಅನ್ನೋ ತಿರುಗದ, ವೇಗದ ಡಿಸ್ಕ್ ಹಾಕ್ಸಿ. ಕಂಪ್ಯೂಟರ್ ಸ್ಲೋ ಅನ್ನೋ ದೂರಿನಲ್ಲಿ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತೆ, ಸಿಸ್ಟಮ್ ಯಾವುದಾದ್ರೂ ಇರ್ಲಿ.

ಹಂತ 3: ಯಾವುದು

ಮ್ಯಾಕ್ ಬೇಕಂದ್ರೆ ಆಪಲ್ ಮಷೀನೇ ತಗೋಬೇಕು, ಹಳೇ ಡೆಲ್ ಲ್ಯಾಪ್‌ಟಾಪಿಗೆ ಅದು ಬರಲ್ಲ. ಕಡ್ಮೆಗೆ ಸಿಗುತ್ತೆ ಅಂತ ಸೆಕೆಂಡ್ ಹ್ಯಾಂಡ್ ಇಂಟೆಲ್ ಮ್ಯಾಕ್ ತಗೊಳ್ಳೋದಂತೂ ಬೇಡವೇ ಬೇಡ, ಇಂಟೆಲ್ ಮಷೀನಿಗೆ ಟಾಹೋ ಅನ್ನೋ 26ನೇ ಆವೃತ್ತಿಯೇ ಕೊನೆ ಅಂತ ಆಪಲ್ ಹೇಳಿಯಾಗಿದೆ. ಗೂಗಲಿನ ಕ್ರೋಮ್ ಓಎಸ್ ಫ್ಲೆಕ್ಸ್ ಅನ್ನೋ ಸಿಸ್ಟಮ್ ಬರೀ ಬ್ರೌಸರ್ ಸಾಕು ಅನ್ನೋರಿಗೆ ಪರವಾಗಿಲ್ಲ, ಆದ್ರೆ ಮೊಬೈಲ್ ಆ್ಯಪ್ ಓಡುತ್ತೆ ಅಂತ ಅಂದ್ಕೊಂಡು ಹಾಕ್ಬೇಡಿ, ಅದ್ರಲ್ಲಿ ಪ್ಲೇಸ್ಟೋರ್ ಇಲ್ಲ, ನೆಟ್ ಹೋದ್ರೆ ಕೈ ಕಟ್ಕೊಂಡು ಕೂರ್ಬೇಕು, ನಮ್ಮಲ್ಲಿ ಆಷಾಢದಲ್ಲಿ ನೆಟ್ ಇರೋದೇ ಅಪರೂಪ.

ಉಳಿದಿದ್ದು ಲಿನಕ್ಸ್. ಅದ್ರಲ್ಲಿ ನೂರೆಂಟು ಹೆಸ್ರಿದೆ, ತಲೆ ಕೆಡಿಸ್ಕೋಬೇಡಿ. ಲಿನಕ್ಸ್ ಮಿಂಟ್ ಅನ್ನೋದನ್ನ ಹಾಕಿ. ಎಡಗಡೆ ಕೆಳಗೆ ಮೆನು, ಬಲಗಡೆ ಗಡಿಯಾರ, ವಿಂಡೋಸ್ ನೋಡಿದ ಕಣ್ಣಿಗೆ ಹೊಸದು ಅನ್ಸಲ್ಲ. 2024ರಲ್ಲಿ ಬಂದ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. 4 ಜಿಬಿ ರ‍್ಯಾಮ್ ಇರೋ ಮಷೀನಿಗೆ ಮಿಂಟಿನಲ್ಲೇ ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಆವೃತ್ತಿ ಇಳಿಸ್ಕೊಳ್ಳಿ, 8 ಇದ್ರೆ ಸಿನಮನ್ ಅನ್ನೋದು. ಬೇರೆ ಲಿನಕ್ಸ್ ಕೆಟ್ಟದ್ದು ಅಂತಲ್ಲ, ಆದ್ರೆ ಅಮ್ಮಂಗೆ, ಅತ್ತಿಗೆಗೆ ಕೊಡೋ ಕಂಪ್ಯೂಟರಿಗೆ ನಾನು ಬೇರೆ ಹಾಕಲ್ಲ.

ಹಂತ 4: ಪೆನ್‌ಡ್ರೈವಲ್ಲಿ ಓಡಿಸಿ ನೋಡೋದು, ಎಲ್ರೂ ಹಾರಿಸಿಬಿಡೋದು ಇದನ್ನೇ

ಲಿನಕ್ಸನ್ನ ಇನ್‌ಸ್ಟಾಲ್ ಮಾಡ್ದೇನೇ ಪೆನ್‌ಡ್ರೈವಿಂದ ನೇರ ಓಡಿಸ್ಬೋದು, ಒಳಗಿರೋ ವಿಂಡೋಸಿಗೆ ಏನೂ ಆಗಲ್ಲ. ಅರ್ಧ ದಿನ ಇದಕ್ಕೆ ಕೊಡಿ.

ಪೆನ್‌ಡ್ರೈವ್ 8 ಜಿಬಿದು ಸಾಕು, ಆದ್ರೆ ಒಳ್ಳೇ ಕಂಪನೀದು ಇರ್ಲಿ. ಮುನ್ನೂರು ರೂಪಾಯಿಗೆ 2 ಟಿಬಿ ಅಂತ ಆನ್‌ಲೈನಲ್ಲಿ ಮಾರ್ತಾರಲ್ಲ, ಅದು ಮೋಸ ಮಾರಾಯ್ರೆ, ಒಳಗಿರೋದು ಸಣ್ಣ ಚಿಪ್ಪು, ಕಂಪ್ಯೂಟರಿಗೆ ಮಾತ್ರ ದೊಡ್ಡದು ಅಂತ ಸುಳ್ಳು ಹೇಳುತ್ತೆ, ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳು. ಮಿಂಟಿನ ಫೈಲು ಹತ್ರಹತ್ರ 3 ಜಿಬಿ ಇದೆ, ಹಳ್ಳೀಲಿ ಗುಡ್ಡದ ಮೇಲೆ ನಿಂತು ಹಾಟ್‌ಸ್ಪಾಟಲ್ಲಿ ಇಳಿಸೋಕೆ ಹೋಗ್ಬೇಡಿ, ಶಿವಮೊಗ್ಗಕ್ಕೆ ಹೋದಾಗ ಫೈಬರ್ ಇರೋ ನೆಂಟರ ಮನೇಲಿ ಇಳಿಸ್ಕೊಳ್ಳಿ. ಮಧ್ಯ ಕಟ್ ಆಗಿದ್ರೆ ಫೈಲು ಅರ್ಧಂಬರ್ಧ ಆಗಿರುತ್ತೆ, ಮಿಂಟಿನ ಸೈಟಲ್ಲಿ ಕೊಟ್ಟಿರೋ ಎಸ್‌ಎಚ್‌ಎ 256 ಅನ್ನೋ ಉದ್ದ ನಂಬರಿಗೆ ತಾಳೆ ನೋಡಿದ್ರೆ ಗೊತ್ತಾಗುತ್ತೆ. ಆಮೇಲೆ ರೂಫಸ್ ತೆಗೆದು ಪೆನ್‌ಡ್ರೈವಿಗೆ ಬರೀರಿ, ಅದ್ರಲ್ಲಿ ಇದ್ದಿದ್ದೆಲ್ಲ ಅಳಿಸಿಹೋಗುತ್ತೆ, ಮದುವೆ ಫೋಟೋ ಇರೋ ಪೆನ್‌ಡ್ರೈವ್ ಚುಚ್ಬೇಡಿ.

ಈಗ ನಿಲ್ಲಿ. ಹೊಸ ಲ್ಯಾಪ್‌ಟಾಪಲ್ಲಿ ಬಿಟ್‌ಲಾಕರ್ ಅಂತ ಬೀಗ ನಿಮಗೆ ಗೊತ್ತಿಲ್ದೇನೇ ಬಿದ್ದಿರುತ್ತೆ. ಬೂಟ್ ಸೆಟ್ಟಿಂಗ್ ಮುಟ್ಟಿದ್ರೆ ಮುಂದಿನ ಸಲ ವಿಂಡೋಸು 48 ಅಂಕಿಯ ರಿಕವರಿ ಕೀ ಕೊಡು ಅಂತ ಕೂತ್ಕೊಳ್ಳುತ್ತೆ, ಅದಿಲ್ಲ ಅಂದ್ರೆ ಒಳಗಿನ ಫೈಲು ದೇವ್ರಿಗೇ ಅರ್ಪಣೆ. ಮೈಕ್ರೋಸಾಫ್ಟ್ ಅಕೌಂಟಿಗೆ ಫೋನಲ್ಲೇ ಲಾಗಿನ್ ಆಗಿ ಆ ಕೀ ಹುಡುಕಿ, ಪೇಪರಲ್ಲಿ ಬರೆದಿಟ್ಕೊಳ್ಳಿ. ಅದೇ ಕಂಪ್ಯೂಟರಲ್ಲಿ ಸೇವ್ ಮಾಡಿಟ್ಟವರನ್ನೂ ನೋಡಿದೀನಿ!

ಪೆನ್‌ಡ್ರೈವ್ ಹಾಕಿ ರೀಸ್ಟಾರ್ಟ್ ಕೊಡಿ, ಶಟ್‌ಡೌನ್ ಅಲ್ಲ. ಕಂಪನಿ ಹೆಸ್ರು ಬರೋದ್ರೊಳಗೆ ಟಪಟಪ ಅಂತ ಕೀ ಒತ್ತಬೇಕು, ಡೆಲ್, ಲೆನೊವೊಗೆ ಎಫ್12, ಎಚ್‌ಪಿಗೆ ಎಫ್9, ಏಸುಸಿಗೆ ಎಸ್ಕೇಪ್. ಏಸರಲ್ಲಿ ಎಫ್12 ಮೆನು ಆಫ್ ಇಟ್ಟಿರ್ತಾರೆ, ಎಫ್2 ಒತ್ತಿ ಬಯೋಸ್ ಅನ್ನೋ ಮೂಲ ಸೆಟ್ಟಿಂಗಿಗೆ ಹೋಗಿ ಆನ್ ಮಾಡ್ಬೇಕು. ಪಟ್ಟೀಲಿ ಪೆನ್‌ಡ್ರೈವ್ ಆರಿಸಿದ್ರೆ ಸ್ವಲ್ಪ ಹೊತ್ತಲ್ಲಿ ಮಿಂಟ್ ಬರುತ್ತೆ. ಡೆಸ್ಕ್‌ಟಾಪ್ ಮೇಲೆ ಇನ್‌ಸ್ಟಾಲ್ ಅಂತ ಒಂದು ಐಕಾನ್ ಕೂತಿರುತ್ತೆ, ಅದನ್ನ ಇವತ್ತು ಮುಟ್ಬೇಡಿ, ಮಕ್ಳಿಗೂ ಹೇಳಿಡಿ. ನಿಧಾನ ಅನ್ಸಿದ್ರೆ ಅದು ಪೆನ್‌ಡ್ರೈವಿನ ಗುಣ, ಸ್ಪೀಡ್ ನೋಡಿ ಇಲ್ಲಿ ತೀರ್ಪು ಕೊಡೋಕಾಗಲ್ಲ.

ವೈಫೈ ಸಿಕ್ತಾ ನೋಡಿ. ಸಿಗ್ಲಿಲ್ಲ ಅಂದ್ರೆ ಫೋನನ್ನ ಕೇಬಲಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಅದು ಸಾಮಾನ್ಯವಾಗಿ ಕೈ ಕೊಡಲ್ಲ, ಆ ನೆಟ್ಟಲ್ಲೇ ಮುಂದೆ ವೈಫೈ ಡ್ರೈವರ್ ಇಳಿಸ್ಕೋಬೋದು. ಯೂಟ್ಯೂಬ್ ಹಾಕಿ ಸೌಂಡ್ ಕೇಳಿ. ಕ್ಯಾಮೆರಾ, ಬ್ರೈಟ್‌ನೆಸ್ ಕೀ, ಲ್ಯಾಪ್‌ಟಾಪ್ ಮುಚ್ಚಿ ಐದು ನಿಮಿಷ ಬಿಟ್ಟು ತೆಗೆದ್ರೆ ಎಚ್ಚರ ಆಗುತ್ತಾ, ಎಲ್ಲ ನೋಡಿ. ಪ್ರಿಂಟರನ್ನ ನಿಜವಾಗ್ಲೂ ಚುಚ್ಚಿ ಒಂದು ಹಾಳೆ ತೆಗೀರಿ, ಹೆಸ್ರು ಪಟ್ಟೀಲಿ ಕಾಣ್ತು ಅಂತ ಬಿಡ್ಬೇಡಿ. ಎಚ್‌ಪಿಯವ್ರದ್ದು ಬಹಳಷ್ಟು ಮಾಡೆಲ್ ತಾನಾಗೇ ಓಡುತ್ತೆ, ಬೇರೆ ಕೆಲವು ಹಳೇ ಲೇಸರ್ ಪ್ರಿಂಟರಿಗೆ ಲಿನಕ್ಸ್ ಡ್ರೈವರ್ ಹುಡುಕೋದ್ರಲ್ಲೇ ಒಂದು ದಿನ ಹೋಗುತ್ತೆ.

ಕೊನೇದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್, ನಮ್ಮ ಕಡೆ ಜನ ಮುಗ್ಗರಿಸೋದೇ ಇಲ್ಲಿ. ಸೊಸೈಟಿ ನಡಾವಳಿ, ಪಂಚಾಯ್ತಿಗೆ ಕೊಟ್ಟ ಅರ್ಜಿ, ಸಂಘದ ವರದಿ ಎಲ್ಲ ಹಳೇ ನುಡಿ ಫಾಂಟಲ್ಲಿರುತ್ತೆ. ಅದು ಎಲ್ಲಾ ಕಂಪ್ಯೂಟರಿಗೂ ಅರ್ಥ ಆಗೋ ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರೋದು. ಹಾಗಾಗಿ ಬೇರೆ ಕಂಪ್ಯೂಟರಲ್ಲಿ ತೆಗೆದ್ರೆ ತಲೆ ಮೇಲೆ ಚುಕ್ಕಿ, ಗೀಟು ಇರೋ ಇಂಗ್ಲಿಷ್ ಗಜಿಬಿಜಿ ಕಾಣುತ್ತೆ, ಫೈಲ್ ಹಾಳಾಯ್ತು ಅಂತ ಡಿಲೀಟ್ ಮಾಡಿಬಿಡೋರೂ ಇದ್ದಾರೆ. ಹಾಳಾಗಿರಲ್ಲ. ವಿಂಡೋಸಿನ ಫಾಂಟ್ಸ್ ಫೋಲ್ಡರಿಂದ ನುಡಿ ಹೆಸ್ರಿರೋ ಫಾಂಟೆಲ್ಲಾ ಇನ್ನೊಂದು ಪೆನ್‌ಡ್ರೈವಿಗೆ ಕಾಪಿ ಮಾಡ್ಕೊಂಡಿರಿ, ಮಿಂಟಲ್ಲಿ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಡಿ, ಆಮೇಲೆ ವರ್ಡ್ ಥರದ ಲಿಬ್ರೆ ಆಫೀಸಲ್ಲಿ ನಿಮ್ಮದೇ ಒಂದು ಉದ್ದದ ಫೈಲ್ ತೆಗೆದು ಒತ್ತಕ್ಷರ, ದೀರ್ಘ, ಟೇಬಲ್ಲು ಸರಿ ಬಂತಾ ಸಾಲು ಸಾಲು ನೋಡಿ. ಪೆನ್‌ಡ್ರೈವ್ ಮಿಂಟು ರೀಸ್ಟಾರ್ಟ್ ಆದ್ರೆ ಎಲ್ಲಾ ಮರೆಯುತ್ತೆ, ಅದಕ್ಕೆ ಇದನ್ನ ಒಂದೇ ಸಲ ಕೂತು ಮುಗ್ಸಿ. ಓದೋದು ಆಯ್ತು, ಟೈಪ್ ಮಾಡೋದು? ನುಡಿ ಪ್ರೋಗ್ರಾಂ ವಿಂಡೋಸಿಗೆ ಮಾಡಿದ್ದು, ಆದ್ರೆ ಅದರ ಕೀಲಿಮಣೆ ವಿನ್ಯಾಸ ಲಿನಕ್ಸಲ್ಲೂ ಇದೆ, ಐಬಸ್ ಅನ್ನೋ ಟೈಪಿಂಗ್ ಪ್ರೋಗ್ರಾಂ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿ ಕನ್ನಡದಲ್ಲಿ ಕೆಜಿಪಿ ಅಂತ ಇರೋದನ್ನ ಆರಿಸಿದ್ರೆ ಕೈಗೆ ಅದೇ ರೂಢಿ ಬರುತ್ತೆ, ಬರೋದು ಯೂನಿಕೋಡ್. ದಿನಾ ಕಚೇರಿಗೆ ಹಳೇ ನುಡಿ ಫಾಂಟಲ್ಲೇ ಕಳಿಸಬೇಕು ಅನ್ನೋರಾದ್ರೆ ಸುಮ್ನೆ ವಿಂಡೋಸಲ್ಲೇ ಇರಿ.

ಹಂತ 5: ಹಾಕೋದು

ಫೈಲೆಲ್ಲಾ ಹೊರಗೆ ಎರಡು ಕಡೆ ಕಾಪಿ, ಡೆಸ್ಕ್‌ಟಾಪ್ ಮತ್ತೆ ಡೌನ್‌ಲೋಡ್ಸ್ ಮರೀಬೇಡಿ. ಗುಡುಗು ಇರೋ ದಿನ ಬೇಡ, ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಯುಪಿಎಸ್ ಇಲ್ದೆ ಬೇಡ. ಒಂದೇ ಡಿಸ್ಕಲ್ಲಿ ವಿಂಡೋಸ್ ಪಕ್ಕ ಲಿನಕ್ಸ್ ಹಾಕೋದು ಬರುತ್ತೆ, ಆದ್ರೆ ಆ ಪುಟದಲ್ಲಿ ಒಂದು ಕ್ಲಿಕ್ ತಪ್ಪಿ ಎರೇಸ್ ಡಿಸ್ಕ್ ಕೊಟ್ರೆ ಮುಗೀತು. ಅದ್ರ ಬದ್ಲು ಹೊಸ ಎಸ್‌ಎಸ್‌ಡಿ ಹಾಕೋದು ಹೆಂಗೂ ಇದ್ಯಲ್ಲ, ಹಳೇ ಡಿಸ್ಕ್ ಪೂರ್ತಿ ಬಿಚ್ಚಿಟ್ಟು ಹೊಸದಕ್ಕೆ ಮಿಂಟ್ ಹಾಕಿ, ಆಗ ಎರೇಸ್ ಕೊಟ್ರೂ ಅಳಿಸೋಕೆ ಏನೂ ಇರಲ್ಲ. ಹಳೇ ಡಿಸ್ಕನ್ನ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿ ಹೋಗದ ಡಬ್ಬೀಲಿಡಿ, ಬರೀ ಬೀರೂನಲ್ಲಿಟ್ರೆ ನಮ್ಮ ಮಳೆಗಾಲದ ಥಂಡಿಗೆ ಕನೆಕ್ಟರ್ ಹಸಿರುಗಟ್ಟುತ್ತೆ.

ಹಂತ 6: ಹಾಕಿದ ದಿನಾನೇ

ಮಿಂಟಾದ್ರೆ ಟೈಮ್‌ಶಿಫ್ಟ್ ಆನ್ ಮಾಡಿ, ಅಪ್‌ಡೇಟ್ ಎಡವಟ್ಟಾದ್ರೆ ಹಿಂದಿನ ದಿನಕ್ಕೆ ಹೋಗ್ಬೋದು, ನಿಮ್ಮ ಸ್ವಂತ ಫೈಲಿಗೆ ಮಾತ್ರ ಅದು ಬ್ಯಾಕಪ್ ಅಲ್ಲ. ವಿಂಡೋಸಾದ್ರೆ ವೈಫೈ ಸೆಟ್ಟಿಂಗಲ್ಲಿ ನಿಮ್ಮ ಫೋನಿನ ಹಾಟ್‌ಸ್ಪಾಟನ್ನ ಮೀಟರ್ಡ್ ಕನೆಕ್ಷನ್ ಅಂತ ಮಾಡಿ, ಇಲ್ಲಾಂದ್ರೆ ಬೆಳಗಿನ ಕಾಫಿ ಮುಗಿಯೋದ್ರೊಳಗೆ ದಿನದ ಡೇಟಾ ಎಲ್ಲಾ ಅಪ್‌ಡೇಟೇ ಕುಡಿದಿರುತ್ತೆ.