ಕಡಲಂಚಿನ ಗುಡ್ಡಗಳಲ್ಲಿ ಓಟ: ದಾರಿ ಆರಿಸುವ ನನ್ನ ಲೆಕ್ಕಾಚಾರ

ಕಡಲಂಚಿನ ಗುಡ್ಡಸಾಲಿನಲ್ಲಿ ಓಟದ ದಾರಿ ಹಾಕಿಕೊಳ್ಳುವಾಗ ನಾನು ಮೊದಲು ನೋಡುವುದು ಒಟ್ಟು ಏರು ಎಷ್ಟು ಎಂಬುದನ್ನು. ದೂರದ ಮಾತು ಆಮೇಲೆ. ಅತಿ ಎತ್ತರದ ಜಾಗ ಯಾವುದು ಎಂಬುದಂತೂ ಲೆಕ್ಕಕ್ಕೇ ಬರುವುದಿಲ್ಲ. ಇಂಗ್ಲೆಂಡಿನ ಸೌತ್ ವೆಸ್ಟ್ ಕೋಸ್ಟ್ ಪಾತ್ ಎಂಬ ಕಾಲುದಾರಿಯನ್ನೇ ನೋಡಿ: ಉದ್ದ ಸುಮಾರು 1,014 ಕಿ.ಮೀ., ಅತಿ ಎತ್ತರದ ಜಾಗ ಬರೀ 318 ಮೀಟರ್. ಆದರೆ ತುದಿಯಿಂದ ತುದಿಗೆ ಹತ್ತಬೇಕಾದ ಏರನ್ನೆಲ್ಲ ಕೂಡಿಸಿದರೆ 35,000 ಮೀಟರ್ ಆಗುತ್ತದೆ. ಅಂದರೆ ಕಿಲೋಮೀಟರಿಗೆ ಸರಾಸರಿ 35 ಮೀಟರ್ ಏರು, ಅಷ್ಟೇ ಇಳಿಜಾರು. ಕಾರಣ ಸರಳ. ಗುಡ್ಡದಿಂದ ಇಳಿದು ಬರುವ ಪ್ರತಿಯೊಂದು ಹಳ್ಳವೂ ಸಮುದ್ರ ಸೇರುವಲ್ಲಿ ಒಂದು ಕಣಿವೆ ಕೊರೆದಿರುತ್ತದೆ. ತೀರದ ದಾರಿ ಪ್ರತಿ ಕಣಿವೆಗೂ ಸಮುದ್ರಮಟ್ಟದವರೆಗೆ ಇಳಿದು, ಮತ್ತೆ ಮೊದಲಿಂದ ಹತ್ತಬೇಕು.

ಇದರಿಂದಲೇ ನನ್ನ ಮೊದಲ ನಿಯಮ ಹುಟ್ಟಿದ್ದು. ಹೋಗುವಾಗ ತೀರದ ದಾರಿ, ಬರುವಾಗ ಒಳನಾಡಿನ ದಿಣ್ಣೆಯ ದಾರಿ. ಕಣಿವೆ ಸಮುದ್ರದ ಬಳಿ ಆಳ, ಮೇಲಕ್ಕೆ ಹೋದಂತೆ ತೆಳು. ಒಂದೆರಡು ಕಿಲೋಮೀಟರ್ ಒಳಗೆ, ಹಳ್ಳಗಳ ತಲೆಯ ಮೇಲೆ ಹಾಯುವ ದಾರಿ ಸಿಕ್ಕರೆ ಅದೇ ದೂರಕ್ಕೆ ಏರು ಎಷ್ಟೋ ಕಡಿಮೆಯಾಗುತ್ತದೆ. ಕಾಲು ಹೊಸದಾಗಿದ್ದಾಗ ಏರಿಳಿತ ಮುಗಿದು, ದಣಿದ ಮೇಲೆ ಸಮತಟ್ಟು ಸಿಗುತ್ತದೆ. ನೋಟವೂ ನಷ್ಟವಾಗುವುದಿಲ್ಲ, ದಿಣ್ಣೆಯ ಮೇಲಿಂದ ಇಡೀ ತೀರ ಒಂದೇ ಸಲಕ್ಕೆ ಕಾಣುತ್ತದೆ. ಇನ್ನೊಂದು ಲಾಭವೂ ಇದೆ. ಪ್ರತಿ ಕಣಿವೆಯಿಂದ ಒಳನಾಡಿಗೆ ಸಾಮಾನ್ಯವಾಗಿ ಒಂದು ದಾರಿ ಇರುತ್ತದೆ. ಪಾದ ಉಳುಕಿದರೆ, ಹವೆ ಕೆಟ್ಟರೆ ಎಲ್ಲಿ ಕಳಚಿಕೊಳ್ಳಬಹುದು ಎಂದು ಅವನ್ನು ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಡುತ್ತೇನೆ.

ಸಮಯದ ಅಂದಾಜಿಗೆ ನೂರು ಮೀಟರ್ ಏರು ಒಂದು ಸಮತಟ್ಟು ಕಿಲೋಮೀಟರಿಗೆ ಸಮ ಎಂದು ಹಿಡಿಯುತ್ತೇನೆ. 14 ಕಿ.ಮೀ. ದೂರ, 500 ಮೀಟರ್ ಏರು ಇದ್ದರೆ ಅದು 19 ಕಿ.ಮೀ. ಓಟ. ರಸ್ತೆಯಲ್ಲಿ ಕಿಲೋಮೀಟರಿಗೆ 6 ನಿಮಿಷ ಓಡುವವರಿಗೆ 114 ನಿಮಿಷ. ಕಲ್ಲು, ಮೆಟ್ಟಿಲು, ಗೇಟುಗಳಿಗೆ ನೂರಕ್ಕೆ ಹತ್ತು ಹದಿನೈದು ಸೇರಿಸಿದರೆ ಎರಡು ಗಂಟೆ ಹತ್ತು ನಿಮಿಷದ ಹತ್ತಿರ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ನಡೆಯುವವರಿಗೆ ಕೊಟ್ಟ ಲೆಕ್ಕವೂ ಈ ದಿಕ್ಕಿನದೇ: ಐದು ಕಿಲೋಮೀಟರಿಗೆ ಒಂದು ಗಂಟೆ, ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ನೂರು ಮೀಟರ್ ಏರಿಗೆ ಸುಮಾರು ಎಂಟುನೂರ ಮೂವತ್ತು ಮೀಟರ್ ದೂರ ಸಮ. ನಾನು ಹಿಡಿಯುವುದು ಅದಕ್ಕಿಂತ ತುಸು ಉದಾರ, ಕತ್ತಲಾಗುವ ಹೊತ್ತಿಗೆ ಉದಾರವಾಗಿರುವುದೇ ಒಳ್ಳೆಯದು.

ಆದರೆ ಆ 500 ಮೀಟರ್ ಎಂಬ ಅಂಕಿಯನ್ನೇ ಪೂರ್ತಿ ನಂಬಬಾರದು. ಆ್ಯಪ್‌ಗಳು ಎತ್ತರವನ್ನು ಚೌಕಚೌಕವಾದ ದತ್ತಾಂಶದಿಂದ ತೆಗೆಯುತ್ತವೆ. ಒಂದೊಂದು ಚೌಕದ ಅಗಲ ಹಲವೆಡೆ ಮೂವತ್ತು ಮೀಟರ್. ಕಡಿದಾದ ಬಂಡೆಯಂಚಿನಲ್ಲಿ ಒಂದೇ ಚೌಕದೊಳಗೆ ಬಂಡೆಯ ತಲೆಯೂ ಕೆಳಗಿನ ನೀರೂ ಬೀಳುತ್ತವೆ. ಅಂಚಿನಿಂದ ಇಪ್ಪತ್ತು ಮೀಟರ್ ಒಳಗೆ ಸಪಾಟಾಗಿ ಓಡುವ ದಾರಿಯನ್ನೂ ಆ್ಯಪ್ ಹಲ್ಲುಹಲ್ಲಾಗಿ ತೋರಿಸಿ, ಇಲ್ಲದ ಏರನ್ನು ಕೂಡಿಸುತ್ತದೆ. ಕಾಗದದ ನಕ್ಷೆಯ ತೊಂದರೆ ತದ್ವಿರುದ್ಧ. ಸಮೋನ್ನತ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ನಡುವಿನ ಎತ್ತರದ ಅಂತರ ಹತ್ತು ಮೀಟರ್ ಇದ್ದರೆ ಏಳೆಂಟು ಮೀಟರಿನ ತಗ್ಗುಗಳು ಕಾಣಿಸದೇ ಹೋಗಬಹುದು, ಅಂಥವು ದಾರಿಯುದ್ದಕ್ಕೂ ಇಪ್ಪತ್ತು ಬಂದರೆ ನೂರೈವತ್ತು ಮೀಟರ್ ಏರು ಲೆಕ್ಕದಿಂದ ಮಾಯ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ವಾಚ್ ಇದ್ದರೆ ಅದೇ ವಾಸಿ. ಅದನ್ನು ಸರಿಹೊಂದಿಸಲು ಕಡಲತೀರದಷ್ಟು ಸುಲಭದ ಜಾಗ ಬೇರೆ ಇಲ್ಲ: ನೀರಿನಂಚಿನಲ್ಲಿ ನಿಂತು ಸೊನ್ನೆಗೆ ಇಟ್ಟರಾಯಿತು. ಒಂದು ಹೆಕ್ಟೊಪಾಸ್ಕಲ್ ಒತ್ತಡ ಬದಲಾದರೆ ಸುಮಾರು ಎಂಟು ಮೀಟರ್ ವ್ಯತ್ಯಾಸ ತೋರಿಸುತ್ತದೆ. ಹವೆ ಬದಲಾಗುವ ದಿನ, ಓಟ ಮುಗಿಸಿ ಅದೇ ಜಾಗಕ್ಕೆ ಬಂದಾಗ ಇಪ್ಪತ್ತು ಮೀಟರ್ ಹೆಚ್ಚುಕಡಿಮೆ ಕಂಡರೆ ವಾಚ್ ಕೆಟ್ಟಿಲ್ಲ. ಬೆವರಿನ ಉಪ್ಪು ಕಟ್ಟಿ ಸೆನ್ಸರಿನ ತೂತು ಮುಚ್ಚಿದರೂ ಹುಚ್ಚು ಅಂಕಿ ಬರುತ್ತದೆ. ಸಿಹಿನೀರಲ್ಲಿ ತೊಳೆಯಿರಿ, ಸೂಜಿ ಹಾಕಿ ಕೆದಕಬೇಡಿ.

ದಾರಿಯಲ್ಲಿ ಮರಳಿನ ಕೊಲ್ಲಿಯೋ ಅಳಿವೆಯೋ ದಾಟುವುದಿದ್ದರೆ ಓಟದ ಹೊತ್ತನ್ನು ನಾನು ನಿಗದಿ ಮಾಡುವುದಿಲ್ಲ, ಉಬ್ಬರವಿಳಿತ ಮಾಡುತ್ತದೆ. ಬಹುತೇಕ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಏರಲು ಆರು ಗಂಟೆ ಚಿಲ್ಲರೆ, ಇಳಿಯಲು ಅಷ್ಟೇ. ಮರುದಿನ ಎಲ್ಲವೂ ಸುಮಾರು ಐವತ್ತು ನಿಮಿಷ ತಡ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದು ಹೆಚ್ಚು ಮುಖ್ಯ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ: ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಾಲ್ಕು ಮೀಟರ್ ಏರುವ ತೀರದಲ್ಲಿ ಮೊದಲ ಗಂಟೆ ಮೂವತ್ಮೂರು ಸೆಂಟಿಮೀಟರ್ ಮಾತ್ರ ಏರಿ, ಸಮಯ ಬೇಕಾದಷ್ಟಿದೆ ಅನ್ನಿಸುತ್ತದೆ. ಮೂರನೆಯ ಗಂಟೆಗೆ ಒಂದು ಮೀಟರ್ ಏರುತ್ತದೆ. ಬಂಡೆಯ ಮೂತಿ ಸುತ್ತುವಾಗ ಸಿಕ್ಕಿಬೀಳುವುದು ಇಲ್ಲೇ. ಹಾಗಾಗಿ ಪೂರ್ತಿ ಇಳಿತಕ್ಕೆ ಒಂದೂವರೆ ಗಂಟೆ ಮೊದಲು ಮರಳಿಗೆ ಇಳಿದು, ಇಳಿತ ಮುಗಿಯುವುದರೊಳಗೆ ಮೇಲೆ ಹತ್ತುವ ದಾರಿ ಹಿಡಿದಿರುತ್ತೇನೆ. ಇಳಿಯುತ್ತಿರುವ ನೀರಿನ ಹಿಂದೆ ಉಳಿಯುವ ಹಸಿ ಮರಳು ಗಟ್ಟಿಯೂ ಇರುತ್ತದೆ. ಅಮಾವಾಸ್ಯೆ ಹುಣ್ಣಿಮೆ ಕಳೆದ ಒಂದೆರಡು ದಿನ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಊರೂರಿಗೆ ಅಳತೆ ಬೇರೆ: ಕೆನಡಾದ ಫಂಡಿ ಕೊಲ್ಲಿಯ ಒಳತುದಿಯಲ್ಲಿ ವ್ಯತ್ಯಾಸ ಹದಿನಾರು ಮೀಟರ್ ಮುಟ್ಟುತ್ತದೆ, ಮೆಡಿಟರೇನಿಯನ್‌ನ ಹೆಚ್ಚಿನ ಕಡೆ ಮೊಣಕಾಲೂ ಮುಟ್ಟುವುದಿಲ್ಲ. ಆಯಾ ಬಂದರಿನ ಉಬ್ಬರದ ಪಟ್ಟಿಯನ್ನೇ ನೋಡಬೇಕು.

ಗಾಳಿಯ ಮಾತು ಬೇಗ ಮುಗಿಯುತ್ತದೆ. ಬಿಸಿಲೇರಿದಂತೆ ನೆಲ ಸಮುದ್ರಕ್ಕಿಂತ ಬೇಗ ಕಾಯುವುದರಿಂದ ಕಡಲ ಗಾಳಿ ಏಳುತ್ತದೆ, ಮಧ್ಯಾಹ್ನ ಅದು ಜೋರು. ತೀರದುದ್ದಕ್ಕೆ ಬೀಸುವ ಗಾಳಿಯಿದ್ದರೆ ಮೊದಲರ್ಧ ಅದಕ್ಕೆ ಎದುರಾಗಿ ಓಡಿ. ಬೆವತ ಮೈಗೆ ಕೊನೆಯಲ್ಲಿ ಎದುರುಗಾಳಿ ಸಿಕ್ಕರೆ ಚಳಿ ಹಿಡಿಯುತ್ತದೆ. ಭೂಶಿರದ ಮೂತಿಯಲ್ಲಿ ಗಾಳಿ ಎಂದೂ ಜಾಸ್ತಿ, ಹಿಂದಿನ ಕಣಿವೆಯಲ್ಲಿ ಎಲೆಯೂ ಅಲುಗುವುದಿಲ್ಲ. ಸೆಕೆ ಅಲ್ಲಿ ಕಾದಿರುತ್ತದೆ.

ಏರಿನಲ್ಲಿ ಹಠ ಬೇಡ. ಇಟಲಿಯ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ನೂರಕ್ಕೆ ಹತ್ತರ ಏರಿನಲ್ಲಿ, ಅಂದರೆ ನೂರು ಮೀಟರಿಗೆ ಹತ್ತು ಮೀಟರ್ ಮೇಲೇರುವ ಕಡೆ, ಓಡಲು ಸಮತಟ್ಟಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ನೂರಕ್ಕೆ ಇಪ್ಪತ್ತು ದಾಟಿದರೆ ನಾನು ಕೈಗಳನ್ನು ತೊಡೆಗೆ ಒತ್ತಿ ನಡೆಯುತ್ತೇನೆ. ಓಡುವವರು ಅಷ್ಟೇನೂ ಮುಂದೆ ಹೋಗಿರುವುದಿಲ್ಲ. ಇಳಿಜಾರಿನಲ್ಲಿ ಉಸಿರಿಗೆ ಆರಾಮ, ತೊಡೆಗೆ ಶಿಕ್ಷೆ. ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕಾಗುತ್ತದೆ, ಅದರ ನೋವು ಅದೇ ದಿನ ಕಾಣದೆ ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ. ಸಪಾಟು ರಸ್ತೆಯ ಓಟಗಾರರು ಇಲ್ಲಿ ಮುಗ್ಗರಿಸುವುದು ಏರಿನಿಂದಲ್ಲ, ಇಳಿಜಾರಿನಿಂದ. ದೊಡ್ಡ ಓಟಕ್ಕೆ ಹತ್ತು ಹದಿನೈದು ದಿನ ಮೊದಲು ಇನ್ನೂರು ಮೀಟರಿನಷ್ಟು ಇಳಿದು ಬಂದಿದ್ದರೆ ಸ್ನಾಯು ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಕಡಿಮೆ ನೋಯುತ್ತದೆ. ಇಳಿಯುವಾಗ ಹೆಜ್ಜೆ ಚಿಕ್ಕದು, ಮೊಣಕಾಲು ತುಸು ಬಾಗಿರಲಿ, ಕಣ್ಣು ಮೂರ್ನಾಲ್ಕು ಮೀಟರ್ ಮುಂದಿರಲಿ. ಮೈಯನ್ನು ಹಿಂದಕ್ಕೆ ವಾಲಿಸಿದರೆ ಹಿಮ್ಮಡಿ ಜಾರುತ್ತದೆ.

ಶೂ ವಿಷಯದಲ್ಲಿ ತಳದಲ್ಲಿ ಉಬ್ಬಿದ ಗುಂಡಿಗಳ ಎತ್ತರಕ್ಕಿಂತ ರಬ್ಬರ್ ಮುಖ್ಯ. ನಾಲ್ಕೈದು ಮಿಲಿಮೀಟರ್ ಗುಂಡಿ ಕೆಸರಿಗೆ ಸಾಕು. ಒದ್ದೆ ಬಂಡೆಯ ಮೇಲೆ ಗುಂಡಿಯಿಂದ ಏನೂ ಉಪಯೋಗವಿಲ್ಲ, ಮೆತ್ತನೆ ರಬ್ಬರ್ ಮಾತ್ರ ಹಿಡಿಯುತ್ತದೆ. ಬಂಡೆಯ ಬಣ್ಣ ಓದಲು ಕಲಿಯಿರಿ. ಹಸಿರು ಪಾಚಿಯ ಮೇಲೆ ಯಾವ ಶೂ ಕೂಡ ನಿಲ್ಲುವುದಿಲ್ಲ. ಉಬ್ಬರದ ಗೆರೆಯ ಮೇಲಿನ ಕಪ್ಪು ಪಟ್ಟಿ ಒಣಗಿದ್ದಾಗ ಚೆನ್ನ, ಮಳೆ ಬಿದ್ದರೆ ಸಾಬೂನು. ಚಿಪ್ಪುಹುಳುಗಳು ಅಂಟಿದ ಒರಟು ಬಂಡೆ ನಂಬಬಹುದಾದದ್ದು, ಬಿದ್ದರೆ ಮಾತ್ರ ಅಂಗೈ ಹರಿದುಹೋಗುತ್ತದೆ. ಮರದ ಅಂಚು ಹೊಡೆದ ಮೆಟ್ಟಿಲಿನಲ್ಲಿ ಮರವನ್ನು ಬಿಟ್ಟು ಹಿಂದಿನ ಮಣ್ಣನ್ನು ಮೆಟ್ಟಿ. ಕಡಿಬಂಡೆಯ ಅಂಚಿನ ಹುಲ್ಲನ್ನು ನಂಬಲೇಬೇಡಿ. ಕೆಳಗಿನ ಮಣ್ಣನ್ನು ಅಲೆ ಕೊರೆದಿದ್ದರೂ ಮೇಲೆ ಹಸಿರು ಹಾಗೆಯೇ ಇರುತ್ತದೆ, ಜೋರು ಮಳೆಯ ನಂತರದ ದಿನಗಳಲ್ಲಿ ಇನ್ನೂ ಅಪಾಯ.

ನೀರು ಎಷ್ಟು ಬೇಕೆಂದು ತಿಳಿಯಲು ಒಂದು ಗಂಟೆಯ ಓಟದ ಮೊದಲು ಮತ್ತು ನಂತರ ಬಟ್ಟೆ ಕಳಚಿ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಬೆವರು, ನಡುವೆ ಕುಡಿದದ್ದನ್ನೂ ಅದಕ್ಕೆ ಸೇರಿಸಿ. ತೇವದ ಗಾಳಿಯಲ್ಲಿ ಬೆವರು ಆರದೆ ಸುರಿಯುತ್ತದೆ, ಮೈ ತಣಿಯುವುದಿಲ್ಲ. ಎರಡು ಗಂಟೆಗೆ ನಾನು ಅರ್ಧ ಲೀಟರಿನ ಎರಡು ಮೆತ್ತನೆ ಬಾಟಲಿ ಒಯ್ಯುತ್ತೇನೆ, ಒಂದರಲ್ಲಿ ಉಪ್ಪು ಬೆರೆತ ಪಾನೀಯ. ಜೊತೆಗೆ ಸೀಟಿ, ತೆಳು ಗಾಳಿಕೋಟು, ನಕ್ಷೆ ಮೊದಲೇ ಇಳಿಸಿಕೊಂಡ ಫೋನ್. ಬಂಡೆಗಳ ಬುಡದಲ್ಲಿ ಸಿಗ್ನಲ್ ಇರುವುದಿಲ್ಲ ಎಂದೇ ಹೊರಡಬೇಕು.

ಓಟದ ನಂತರ ಶೂಗಳನ್ನು ಸಿಹಿನೀರಲ್ಲಿ ಅದ್ದಿ, ಒಳಹಾಸು ತೆಗೆದು, ನೆರಳಲ್ಲಿ ಒಣಗಿಸುತ್ತೇನೆ. ಉಪ್ಪಿನ ಹರಳು ಹೊಲಿಗೆಯನ್ನು ಸವೆಸುತ್ತದೆ, ಬಿಸಿಲು ಅಂಟನ್ನು ಬಿಡಿಸುತ್ತದೆ. ವಾಚಿನಲ್ಲಿ ದಾಖಲಾದ ದಾರಿಯನ್ನು ಜಿಪಿಎಕ್ಸ್ ಫೈಲ್ (ನಕ್ಷೆಯ ಆ್ಯಪ್‌ಗಳು ಓದಬಲ್ಲ ದಾರಿಯ ಕಡತ) ಮಾಡಿ, ಜಾರಿದ ಕಡೆ, ನೀರು ಸಿಕ್ಕ ಕಡೆ, ಆ ದಿನದ ಇಳಿತದ ಹೊತ್ತು ಇಷ್ಟನ್ನು ಬರೆದಿಡುತ್ತೇನೆ. ಅದೇ ದಾರಿಯನ್ನು ಉಲ್ಟಾ ಓಡುವಾಗ ಲೆಕ್ಕ ಪೂರ್ತಿ ಬೇರೆ: ಮರಳಿನ ಭಾಗ ಕೊನೆಗೆ ಬರುವುದರಿಂದ, ಹೊರಡುವ ಹೊತ್ತನ್ನು ಇಳಿತದಿಂದ ಹಿಂದಕ್ಕೆ ಎಣಿಸಬೇಕು.