ಹೊಲ ಮಾರದೇ ಅವ್ವನ ಆರೈಕೆ

ಅವ್ವನಿಗೆ ಲಕ್ವಾ ಹೊಡೆದಾಗ ಬಂದವರೆಲ್ಲ ಹೇಳಿದ್ದು ಒಂದೇ: "ಹೊಲಾ ಮಾರ್ರಿ, ಇಲ್ಲಾ ಲಗೂನ ನಿಮ್ಮ ಹೆಸರಿಗೆ ಮಾಡ್ಕೋರಿ." ಎರಡನ್ನೂ ಮಾಡಲಿಲ್ಲ. ಮೂರು ವರ್ಷವಾಯಿತು, ಹೊಲದ ಉತಾರದಲ್ಲಿ (ಪಹಣಿ) ಇನ್ನೂ ಅವ್ವನ ಹೆಸರೇ ಇದೆ.

ಮೊದಲ ವರ್ಷ ಕೈ ಸುಟ್ಟುಕೊಂಡೆ. ದವಾಖಾನೆ ಬಿಲ್ಲಿಗೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಎರಡು ಲಕ್ಷ ತಂದೆ. ಒಂಬತ್ತು ತಿಂಗಳಿಗೆ ಬಡ್ಡಿಯೇ 36 ಸಾವಿರ. ಅದೇ ಹೊತ್ತಿಗೆ ಅವ್ವನ ಅಣೆಕಟ್ಟಿನ ಮುಳುಗಡೆ ಪರಿಹಾರ ಉಳಿತಾಯ ಖಾತೆಯಲ್ಲಿ ಸುಮ್ಮನೆ ಬಿದ್ದಿತ್ತು. ಅವಳ ರೊಕ್ಕ ಮುಟ್ಟಬಾರದು ಅನ್ನುವ ಮರ್ಯಾದೆ ನಮಗೆ. ಏಜೆನ್ಸಿಯಿಂದ ಕರೆಸಿದ ನರ್ಸ್‌ಗೆ ತಿಂಗಳ ಮುಂಗಡ 22 ಸಾವಿರ ಕೊಟ್ಟೆ, ಹನ್ನೊಂದೇ ದಿನಕ್ಕೆ ಹೋದಳು. ಮುಂಗಡ ವಾಪಸ್ ಬರಲಿಲ್ಲ.

ಆಮೇಲೆ ಅವ್ವನನ್ನು ಆಟೋದಲ್ಲಿ ಕೂಡಿಸಿಕೊಂಡು ಅಂಚೆ ಕಚೇರಿಗೆ ಹೋದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಅವಳದೇ ಹೆಸರಲ್ಲಿ 15 ಲಕ್ಷ ಇಟ್ಟೆವು. ನಾವಿಟ್ಟಾಗ ಶೇ. 8.2 ಬಡ್ಡಿ, ಮೂರು ತಿಂಗಳಿಗೊಮ್ಮೆ 30,750. ಬಡ್ಡಿಯಲ್ಲಿ ತೆರಿಗೆ ಮುರಿಯಬೇಡಿ ಎಂದು ವರ್ಷಕ್ಕೊಮ್ಮೆ ಕೊಡುವ ಫಾರಂ (ನಾವು ಕೊಟ್ಟದ್ದು 15ಎಚ್) ಮರೆಯಬೇಡಿ. ಒಮ್ಮೆ ಮರೆತು ತೆರಿಗೆ (ಟಿಡಿಎಸ್) ಕಡಿತವಾಗಿ ಅಲೆದಿದ್ದೇನೆ. ನವನಗರದ ಮನೆಯ ಮಹಡಿ ಬಾಡಿಗೆ ಎಂಟು ಸಾವಿರ. ಖರ್ಚು ತಿಂಗಳಿಗೆ ಇಪ್ಪತ್ನಾಲ್ಕರ ಆಸುಪಾಸು. ಕಡಿಮೆ ಬಿದ್ದದ್ದಕ್ಕೆ ಅಣ್ಣ, ಅಕ್ಕ, ನಾನು ತಲಾ ಎರಡು ಸಾವಿರ. ಹೊಲದ ಕಬ್ಬಿನ ಬಿಲ್ಲಿನ ರೊಕ್ಕ ಮುಟ್ಟುವುದಿಲ್ಲ, ಅದು ದವಾಖಾನೆಗೇ ಮೀಸಲು. "ಇದು ನಡೆಯೂದಲ್ಲ ಬಿಡೋ" ಅಂದಿದ್ದ ಅಣ್ಣ ಈಗ ಐದನೇ ತಾರೀಖಿಗೇ ಹಾಕುತ್ತಾನೆ. ಅವನನ್ನು ಹೇಗೆ ಒಪ್ಪಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಹೊಲ ನಮ್ಮ ಹೆಸರಿಗೆ ಮಾಡುವ ದಾನಪತ್ರಕ್ಕೆ ನಾನು ಒಪ್ಪಲಿಲ್ಲ. ಆರೈಕೆಯ ಷರತ್ತು ಬರೆದಿದ್ದರೆ, ಮಕ್ಕಳು ತಪ್ಪಿದಾಗ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ 23ನೇ ಕಲಂ ಪ್ರಕಾರ ಅದನ್ನು ರದ್ದು ಮಾಡಿಸಬಹುದು, ನಿಜ. ಆದರೆ ಮಲಗಿದ ಮುದುಕಿ ಎಸಿ (ಉಪವಿಭಾಗಾಧಿಕಾರಿ) ಆಫೀಸಿಗೆ ತಿರುಗಬೇಕೇ? ಮೃತ್ಯುಪತ್ರ (ಉಯಿಲು) ಬರೆಸಿ ನೋಂದಣಿ ಮಾಡಿಸಿದೆವು. ಅವಳಿರುವವರೆಗೂ ಅದನ್ನು ಬದಲಿಸುವ ಹಕ್ಕು ಅವಳದೇ. ಅವಳ ಮಾತು ತೊದಲುತ್ತದೆ, ತಿಳಿವಳಿಕೆ ಚೊಕ್ಕ ಇದೆ ಎಂದು ಡಾಕ್ಟರರಿಂದ ಅದೇ ವಾರ ಬರೆಸಿಕೊಂಡಿದ್ದೆ.

ನಡುವೆ ಡೈಪರ್ ಖರ್ಚು ತಗ್ಗಿಸಲು ಹಳೇ ನೂಲಿನ ಸೀರೆ ಮಡಚಿ ಹೊಲಿಸಿ ನೋಡಿದೆ. ಹಗಲಿಗೆ ನಡೆಯಿತು, ರಾತ್ರಿ ತೊಯ್ದು ಬೆನ್ನು ಕೆಂಪಾಯಿತು. ಅಲ್ಲಿಗೇ ಬಿಟ್ಟು, ಎರಡೂವರೆ ಸಾವಿರದ ಗಾಳಿ ಹಾಸಿಗೆ ತಂದೆ. ಬೆಡ್‌ಸೋರ್ (ಹಾಸಿಗೆ ಹುಣ್ಣು) ಆಗಿಲ್ಲ.

ಪ್ರತಿ ತಿಂಗಳು ಖರ್ಚಿನ ಪುಸ್ತಕ ಅವ್ವನ ಮುಂದೆ ಓದುತ್ತೇನೆ. ಔಷಧಿ ಲೆಕ್ಕ ಬಂದಾಗ ಎಡಗೈ ಎತ್ತುತ್ತಾಳೆ: ಮತ್ತೊಮ್ಮೆ ಓದು ಅಂತ.